ಅತ್ತೆಯವರಿಗೆ ಒಂದು ಚೆಂಬು ನೀರು

ನಮ್ಮತ್ತೆ ನೀಲಗಂಗಮ್ಮನವರಿಗೆ ನನ್ನ ಮನೆಯ ನೀರು ಕುಡಿಸಿಯೇ ತೀರುತ್ತೇನೆ! ಹೊಸಪೇಟೆಯಲ್ಲಿ ಅದಿರು ಲಾರಿಗಳ ಸುಗ್ಗಿ ನಡೆದಿದ್ದ ಕಾಲದಲ್ಲಿ ನಾನು ಮಾಡಿದ ಶಪಥವಿದು. ಹಿಂದಿನ ಅರಸರು ಮುಂಡಾಸು ಬಿಚ್ಚಿಟ್ಟು ಶಪಥ ಮಾಡುತ್ತಿದ್ದರಂತೆ. ನನಗೆ ಮುಂಡಾಸು ಇರಲಿಲ್ಲವಾದ್ದರಿಂದ ಹೆಗಲ ಮೇಲಿನ ಟವೆಲ್ ಕೊಡವಿ ಮಾಡಿದೆ. ಕೆಂಪು ದೂಳು ಎದ್ದು ಶಪಥದ ಕೊನೆಯ ಭಾಗ ಸೀನಿನಲ್ಲಿ ಮುಗಿಯಿತು.

ಅತ್ತೆಯವರದು ಬುಕ್ಕಸಾಗರ. ಈಚೆಗೆ ಮಗಳ ಮನೆಗೆ ಬಂದಾಗಲೆಲ್ಲ ಕೈಯಲ್ಲೊಂದು ವೈರ್ ಬುಟ್ಟಿ, ಅದರೊಳಗೊಂದು ನೀರಿನ ಕ್ಯಾನ್. ನಮ್ಮ ರೊಟ್ಟಿ ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ, ನೀರು ಮಾತ್ರ ತಮ್ಮ ಕ್ಯಾನಿನದೇ. "ನನ್ನ ನೀರು ನನಗಿರ್ಲಿ ಬಿಡ್ರಿ ಅಳಿಯಂದ್ರ" ಎಂದು ನಗುತ್ತಾರೆ. ಮನೆಗೆ ಬಂದವರು ಮೊದಲು ನೀರು ಕುಡಿದರೇನೇ ಮನೆಯನ್ನು ಒಪ್ಪಿದಂತೆ ಎನ್ನುವವರು ನಾವು. ಅಳಿಯನಾದವನಿಗೆ ಇದಕ್ಕಿಂತ ಅವಮಾನ ಬೇಕೆ? ಊರ ಮಗ್ಗುಲಲ್ಲೇ ತುಂಗಭದ್ರೆ ಹರಿಯುವವರಿಗೆ ನಮ್ಮ ನಳದ ನೀರು ಹೇಗೆ ರುಚಿಸೀತು ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ತಪ್ಪೆಲ್ಲ ಆ ಕೆಂಪು ದೂಳಿನದು. ನನ್ನ ಬಟ್ಟೆ ಅಂಗಡಿಯಲ್ಲಿ ಬಿಳಿ ಪಂಚೆ ಇಡುವುದನ್ನೇ ಬಿಟ್ಟಿದ್ದೆ. ಇಟ್ಟರೂ ಎರಡು ದಿನದಲ್ಲಿ ಅದು ಕಾವಿ ಪಂಚೆಯಾಗುತ್ತಿತ್ತು.

ಅತ್ತೆ ನಾಳೆ ಬರುತ್ತಾರೆಂಬ ಸುದ್ದಿ ಬಂತು. "ಇವತ್ತು ಸಂಪು ತೊಳದು, ಹೊಸಾ ನೀರು ತುಂಬಿಸ್ತೀನಿ" ಎಂದು ಹೆಂಡತಿ ಗಂಗಾಂಬಿಕಾಗೆ ಘೋಷಿಸಿದೆ.

"ಹೊಸಾ ಪ್ರಯೋಗ ಏನೂ ಬ್ಯಾಡ್ರಿ. ಹಿಂದಕ್ಕ ಸಂಪಿಗೆ ಬ್ಲೀಚಿಂಗ್ ಪೌಡರ್ ಸುರುವಿ, ಮನಿಮಂದೆಲ್ಲಾ ಪಾಯಖಾನಿ ಮುಂದ ಪಾಳಿ ಹಚ್ಚಿದ್ದು ನೆನಪೈತಿಲ್ಲ?"

"ಅಳತಿ ಒಂಚೂರು ಜಾಸ್ತಿ ಆಗಿತ್ತು, ಅಷ್ಟ."

ಅವಳು ಸಂಪಿನ ಮುಚ್ಚಳ ತೆಗೆಸಿ, ಒಳಗೆ ಗಾಳಿಯಾಡುವವರೆಗೆ ನನ್ನನ್ನು ಇಳಿಯಗೊಡಲಿಲ್ಲ. ಇಳಿದ ಮೇಲೂ ಬಾಯಿಯ ಹತ್ತಿರವೇ ಮಣೆ ಹಾಕಿಕೊಂಡು ಕುಳಿತಳು. "ಮಾತಾಡ್ಕೋತ ತಿಕ್ರಿ. ನೀವು ಸುಮ್ಮನಾದ್ರ ಮಂದೀನ ಕರೀತೀನಿ" ಎಂದಳು. ಮದುವೆಯಾದಾಗಿನಿಂದ ಅವಳು ನನಗೆ ಮಾತಾಡು ಎಂದು ಹೇಳಿದ್ದು ಅದೊಂದೇ ಸಲ. ನಾನು ಮನಸಾರೆ ಮಾತಾಡಿದೆ. ಇದ್ದ ನೀರನ್ನೆಲ್ಲ ಚರಂಡಿಗೆ ಚೆಲ್ಲಿ, ಗೋಡೆ ತಿಕ್ಕಿ, ಸಂಪನ್ನು ಹೊಸ ಪಾತ್ರೆಯಂತೆ ಬೆಳಗಿ ಮೇಲೆ ಬಂದೆ.

ಸಂಜೆ ನಳ ಬರಬೇಕಿತ್ತು, ಬರಲಿಲ್ಲ. ಅದಿರು ಲಾರಿಯ ಭಾರಕ್ಕೆ ನಮ್ಮ ಓಣಿಯ ಪೈಪು ಒಡೆದಿದೆಯಂತೆ. ಸಂಪು ಥಳಥಳ ಹೊಳೆಯುತ್ತಿತ್ತು, ಒಳಗೆ ಹನಿ ನೀರಿಲ್ಲ. ಗಂಗಾಂಬಿಕಾ ಖಾಲಿ ಕೊಡ ತಂದು ನನ್ನ ಮುಂದಿಟ್ಟಳು.

ಸಂಡೂರು ರಸ್ತೆಗೆ ಓಡಿದೆ. ಮಬ್ಬುಗತ್ತಲಲ್ಲಿ ಒಂದು ಟ್ಯಾಂಕರ್ ಬರುತ್ತಿತ್ತು. ಮುಂದುಗಡೆ ದಪ್ಪಕ್ಷರದಲ್ಲಿ 'ನೀರು' ಎಂದು ಬರೆದಿತ್ತು. ಹಿಂದುಗಡೆ ಏನಿದೆ ಎಂದು ನಾನು ನೋಡಲಿಲ್ಲ. ಕೈ ಅಡ್ಡ ಹಾಕಿ ಮನೆಗೆ ಕರೆದುಕೊಂಡು ಬಂದೆ. ಡ್ರೈವರ್ ಉಜ್ಜಿನಪ್ಪ ನಮ್ಮ ಗೇಟಿಗೆ ಹತ್ತಿಕೊಂಡಿದ್ದ ಮರಳು ಜಲ್ಲಿ ನೋಡಿ ತಲೆಯಾಡಿಸಿದ. ಪಕ್ಕದ ಪಕ್ಕೀರಪ್ಪ ಕಟ್ಟಿಸುತ್ತಿದ್ದ ಮನೆಯ ಸಾಮಾನು ಅದು.

"ನೀರು ಚಲೋ ಅದಾವೇನಪ್ಪಾ?" ಎಂದೆ.

"ಮಸ್ತ್ ಅದಾವ್ರಿ. ಕಸ ಇಲ್ಲ, ಕಡ್ಡಿ ಇಲ್ಲ. ಇಷ್ಟು ದಿನದಾಗ ಒಮ್ಮೆನೂ ಪೈಪ್ ಕಟ್ಟಿಲ್ಲ."

ಆ ಮಾತಿನಲ್ಲಿ ನನಗೆ ಗಂಗೆಯೇ ಕಂಡಳು. ಸಂಪು ತುಂಬಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಸ್ವಲ್ಪ ಬಣ್ಣ ಇತ್ತು. ಹೊಸ ನೀರಲ್ಲವೇ ಎಂದುಕೊಂಡು, ನೀರು ತಿಳಿಯಾಗಲೆಂದು ಪಟಕದ ಹರಳು ಆಡಿಸಿ ಮುಚ್ಚಿದೆ.

ಬೆಳಗ್ಗೆ ಮುಚ್ಚಳ ತೆಗೆದರೆ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಮೇಲಿನಿಂದ ಕೊಡದಲ್ಲಿ ಮೊಗೆದು, ಗಂಗಾಂಬಿಕಾಳ ಎದುರಿಗೇ ಒಂದು ಲೋಟ ಗಟಗಟ ಕುಡಿದು ಮೀಸೆ ಒರೆಸಿಕೊಂಡೆ. ಆಮೇಲೆ ಮೋಟಾರ್ ಹಾಕಿ ಮಾಳಿಗೆಯ ಟ್ಯಾಂಕಿಗೂ ನೀರೇರಿಸಿದೆ. ಮೋಟಾರ್ ಎಳೆಯುವುದು ಸಂಪಿನ ತಳದಿಂದ, ಪಟಕ ಕೆಸರನ್ನು ಇಳಿಸುವುದೂ ಅದೇ ತಳಕ್ಕೆ. ಈ ಜ್ಞಾನ ನನಗೆ ಆಮೇಲೆ ಬಂತು.

ಅತ್ತೆ ಬಂದರು. ಬಾಗಿಲಲ್ಲೇ ತುಂಬಿದ ಚೆಂಬು ಹಿಡಿದು ನಿಂತಿದ್ದೆ. ಇಣುಕಿ ನೋಡಿದರು. "ಭಾಳ ತಿಳಿ ಅದಾವಲ್ರೀ" ಎಂದರು. ನನ್ನ ಎದೆ ಉಬ್ಬಿತು. ಇವತ್ತು ಕುಡಿಯುತ್ತಾರೆ, ಕುಡಿದೇ ಕುಡಿಯುತ್ತಾರೆ.

"ಕಾಲು ತೊಳಕೊಂಡು ಬರ್ತೀನಿ, ತಡೀರಿ" ಎಂದು ಅಂಗಳದ ನಳ ತಿರುಗಿಸಿದರು. ಅದಕ್ಕೆ ಬರುವುದು ಮಾಳಿಗೆ ಟ್ಯಾಂಕಿನ ನೀರು. ತೊಳೆದಷ್ಟೂ ಕಾಲು ಕೆಂಪಾಗುತ್ತಾ ಹೋಯಿತು.

"ಗಂಗೀ, ಬರೋ ಮುಂದ ನನ್ನ ಕಾಲು ಇದಕ್ಕಿಂತ ಸ್ವಚ್ಛ ಇದ್ವಲ್ಲವಾ" ಎಂದರು ಅತ್ತೆ.

ಅಷ್ಟರಲ್ಲಿ ಬೀದಿಯಲ್ಲಿ ಅದೇ ಟ್ಯಾಂಕರ್ ಬಂತು. ಹಿಂದಿನ ತೂತಿನ ಪೈಪಿನಿಂದ ದೂಳು ಅಡಗಲೆಂದು ರಸ್ತೆಗೆ ಕೆಂಪು ನೀರು ಚಿಮುಕಿಸುತ್ತಿತ್ತು. ನನ್ನನ್ನು ಕಂಡ ಉಜ್ಜಿನಪ್ಪ ಬ್ರೇಕ್ ಹಾಕಿದ.

"ಸ್ಲ್ಯಾಬಿಗೆ ನೀರು ಸಾಕಾತೇನ್ರೀ? ಇನ್ನೊಂದು ಲೋಡ್ ಬಿಡ್ಲೇನು?"

"ಯಾವ ಸ್ಲ್ಯಾಬಪ್ಪಾ? ಎಲ್ಲೀ ನೀರಿದು?" ಗಂಗಾಂಬಿಕಾ ಕೇಳಿದಳು.

"ಗಣಿ ಹೊಂಡದ್ದವ್ವಾ. ರಸ್ತಿಗೆ ಹೊಡಿಯೋ ನೀರು. ಯಾಕ್ರೀ, ಕುಡುದ್ರೇನು?"

ಕುಡಿದದ್ದು ನಾನೊಬ್ಬನೇ. ನಿಜ ಹೇಳುತ್ತೇನೆ, ನನಗೆ ಜೀವಭಯವೇ ಆಯಿತು. ಗಂಗಾಂಬಿಕಾ ನನ್ನ ತೋಳು ಹಿಡಿದು ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ನಕ್ಕು ಮಾತ್ರೆ ಕೊಟ್ಟರು.

"ಹೆದರಬ್ಯಾಡ್ರಿ, ಕಬ್ಬಿಣ ರಕ್ತಕ್ಕ ಚಲೋ" ಎಂದು ಮನೆಗೆ ಬಂದಮೇಲೆ ಅತ್ತೆ ಧೈರ್ಯ ಹೇಳಿದರು.

ಸಂಪಿನ ನೀರೆಲ್ಲ ಪಕ್ಕೀರಪ್ಪನ ಸ್ಲ್ಯಾಬಿಗೆ ಹೋಯಿತು. ಸಿಮೆಂಟಿಗೆ ಬಣ್ಣದ ಭೇದವಿಲ್ಲ. ಮಾತ್ರೆ ನುಂಗಲು ಮನೆಯಲ್ಲಿ ಉಳಿದಿದ್ದ ನೀರೆಂದರೆ ಅತ್ತೆಯವರ ಕ್ಯಾನಿನದು ಮಾತ್ರ. ಶಪಥವನ್ನು ಮಡಚಿ ಜೇಬಿಗಿಟ್ಟು ಕೈ ಚಾಚಿದೆ. ಅವರು ಚೆಂಬು ತುಂಬ ಕೊಟ್ಟರು. ಒಂದೇ ಉಸಿರಿಗೆ ಕುಡಿದೆ.

"ಅತ್ತೆಮ್ಮಾ, ಹೊಳಿ ನೀರಿನ ರುಚಿನೇ ಬ್ಯಾರೆ ಬಿಡ್ರಿ. ನಮ್ಮೂರ ನೀರಿಗೆ ಈ ಸಿಹಿ ಎಲ್ಲಿಂದ ಬರಬೇಕು?"

"ಯಾವ ಹೊಳಿ?"

"ನಿಮ್ಮೂರ ಹೊಳಿ."

"ಅಷ್ಟು ದೂರದಿಂದ ನೀರು ಹೊರಾಕ ನನಗೇನು ಹುಚ್ಚಾ? ಖಾಲಿ ಕ್ಯಾನ್ ತರ್ತೀನಿ. ಬಸ್ ಇಳಿದ ಮ್ಯಾಲ ನಿಮ್ಮೂರ ಸ್ಟ್ಯಾಂಡಿನ ನಳದಾಗ ತುಂಬಿಸ್ಕೊಂತೀನಿ."

ನಮ್ಮೂರ ನಳದ ನೀರು. ನಿನ್ನೆ ನಾನು ಚರಂಡಿಗೆ ಚೆಲ್ಲಿದ್ದೂ ಅದನ್ನೇ.

"ಮತ್ತ ಇಷ್ಟು ದಿನ ನಮ್ಮ ಮನಿ ನೀರು ಯಾಕ ಕುಡೀಲಿಲ್ರಿ?"

ಅತ್ತೆ ಮಗಳ ಮುಖ ನೋಡಿದರು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಊರ ನೀರಿನ ಅಂಜಿಕಿ ನನಗೇನಿಲ್ಲ ಅಳಿಯಂದ್ರ. ಬ್ಲೀಚಿಂಗ್ ಪೌಡರ್ ಹಾಕಿದ್ರಲ್ಲ, ಆವತ್ತು ಆ ಪಾಳಿಯಾಗ ನಾನೂ ನಿಂತಿದ್ದೆ."