ಮೋತಿಯ ಸಭಾಮರ್ಯಾದೆ

ಶಿರಸಿಯ ಶ್ವಾನ ಹಾಗೂ ಶ್ವಾನಪಾಲಕರ ಕೌಶಲ್ಯವರ್ಧಕ ಸಂಘದ ನಿಯಮಾವಳಿಯ ಪ್ರಕಾರ, ಅಧ್ಯಕ್ಷರಾಗುವವರ ಮನೆಯಲ್ಲಿ ನಾಯಿ ಇರಕೂಡದು. ಇದ್ದರೆ ತಮ್ಮ ನಾಯಿಯ ಕಡೆಗೇ ವಾಲಿಯಾರು ಎಂಬ ದೂರದೃಷ್ಟಿ. ಹಾಲಿ ಅಧ್ಯಕ್ಷ ರಘುಪತಿ ಹೆಗಡೆಯವರಿಗೆ ನಾಯಿ ಕಂಡರೆ ಕಾಲು ನಡುಗುತ್ತಿದ್ದುದರಿಂದ ಅವರು ಅವಿರೋಧವಾಗಿ ಆಯ್ಕೆಯಾಗಿದ್ದರು.

ಇಂಥ ಘನ ಸಂಸ್ಥೆಗೆ ಇಸಳೂರಿನ ಟೇಲರ್ ಗಂಗಾಂಬಿಕಾ ತನ್ನ ಮೋತಿಯನ್ನು ಎಳೆದುಕೊಂಡು ಬಂದದ್ದು ಶೋಕಿಗಲ್ಲ. ಮೋತಿ ಬಂಗಾರದಂಥ ನಾಯಿ. ಪ್ಯಾಂಟು ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಅದು ದ್ವೇಷಿಸುತ್ತಿರಲಿಲ್ಲ. ಎದುರು ಮನೆಯ ಮಧುಕೇಶ್ವರ ಆರತಕ್ಷತೆಗೆಂದು ಹೊಸ ಪ್ಯಾಂಟು ಹಾಕಿಕೊಂಡು ಹೊರಟವನು ಅರ್ಧ ಪ್ಯಾಂಟಿನಲ್ಲಿ ಮನೆಗೆ ಮರಳಿದ್ದ. ಅವನೇ ಬಡಾವಣೆ ಸಮಿತಿಯ ಕಾರ್ಯದರ್ಶಿ ಎಂಬುದು ಮೋತಿಗೆ ಗೊತ್ತಿರಲಿಲ್ಲ, ಪಾಪ.

"ನಾನs ಹೊಲದು ಕೊಟ್ಟೀನಲ್ರಿ!" ಎಂದಳು ಗಂಗಾಂಬಿಕಾ.

"ಹೊಲದದ್ದು ಖರೆ ಅಕ್ಕಾ. ಹೊಲಿಗಿ ಬಿಟ್ಟು ಬಾಜೂಕ್ಕ ಹರದೈತಿ ಮತ್ತ. ನಾಯಿ ಬಾಲ ಡೊಂಕs," ಎಂದ ಮಧುಕೇಶ್ವರ.

ಮಳೆಗಾಲ ಹಿಡಿಯುವುದರೊಳಗೆ ಮೋತಿ ಶಿಸ್ತು ಕಲಿಯತಕ್ಕದ್ದು, ತಪ್ಪಿದಲ್ಲಿ ಅದನ್ನು ಹೆಗ್ಗರಣೆಯ ಯಾರದೋ ತೋಟಕ್ಕೆ ಸಾಗಿಸತಕ್ಕದ್ದು ಎಂದು ಸಮಿತಿ ಠರಾವು ಮಾಡಿತು. ಗಂಗಾಂಬಿಕಾ ಸಂಘದ ಬಾಗಿಲು ಬಡಿದದ್ದು ಆಗಲೇ. ಮೋತಿ ಮರಿಯಿದ್ದಾಗಿನಿಂದ ಹೊಲಿಗೆ ಯಂತ್ರದ ಬುಡದಲ್ಲೇ ಬೆಳೆದದ್ದು. ಕಾಲಿಗೆ ಅದರ ಬೆನ್ನು ತಾಗದಿದ್ದರೆ ಅವಳಿಗೆ ಪೆಡಲು ತುಳಿಯಲು ಮನಸ್ಸೇ ಬರುತ್ತಿರಲಿಲ್ಲ.

ಸಂಘದ ತರಗತಿ ಪ್ರತಿ ಭಾನುವಾರ. ಶಿರಸಿಯಲ್ಲಿ ಯಾವ ಕೆಲಸವೂ ಸಭೆಯಿಲ್ಲದೆ ಸುರುವಾಗುವುದಿಲ್ಲವಷ್ಟೆ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಮಾತು, ಕಡೆಗೆ ಅಧ್ಯಕ್ಷರ ನುಡಿ. ಶಾಲು ಹೊದೆಸದೆ ಯಾರನ್ನೂ ವೇದಿಕೆಯಿಂದ ಇಳಿಸಕೂಡದೆಂದು ಪ್ರತ್ಯೇಕ ನಿಯಮವೇ ಇತ್ತು. ತರಬೇತುದಾರ ಬಸವರಾಜ ಕೊರಳಿಗೆ ಸೀಟಿ ಕಟ್ಟಿಕೊಂಡು ಕೊನೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಅವನ ಸರದಿ ಬರುವಷ್ಟರಲ್ಲಿ ಶಿರಾದ ಘಮ ಬರುತ್ತಿತ್ತು. ಆರಿದ ಶಿರಾ ಯಾರಿಗೆ ಬೇಕು? ಕೂಡಲೇ ವಂದನಾರ್ಪಣೆ. ಭಾಷಣ ಮುಗಿಯುವವರೆಗೆ ಸುಮ್ಮನೆ ಕೂತ ನಾಯಿಗಳಿಗೂ ಒಂದೊಂದು ತುತ್ತು ಶಿರಾ ಸಿಗುತ್ತಿತ್ತು, ಎದ್ದು ಬೊಗಳಿದವಕ್ಕೆ ಇಲ್ಲ.

"ಕಲಿಸೋದು ಯಾವಾಗ್ರಿ?" ಎಂದು ಗಂಗಾಂಬಿಕಾ ಒಮ್ಮೆ ಕೇಳಿಯೇಬಿಟ್ಟಳು.

ರಘುಪತಿ ಹೆಗಡೆಯವರು ದೂರದಿಂದಲೇ ನಕ್ಕರು. "ಎಂತ ತಂಗೀ, ಗಡಿಬಿಡಿ ಮಾಡಿರೆ ಆಗ್ತಿಲ್ಲೆ. ಮೊದ್ಲು ಸಭೆ ಚಂದ ಆಗವು."

ಅಧ್ಯಕ್ಷರೇ ಚಂದ ಆಗಬೇಕೆಂದ ಮೇಲೆ ಸಭೆಗಳು ಚಂದವಾಗಿಯೇ ಆದವು. ಬಸವರಾಜನಿಗೆ ಎರಡು ಶಾಲು ಸಿಕ್ಕವು. ಸೀಟಿ ಮಾತ್ರ ಊದಲಾಗಲಿಲ್ಲ. ಅಷ್ಟರಲ್ಲಿ ಮಳೆ ಬಂತು.

ಮೋತಿಯ ಶಿಸ್ತಿನ ಪರೀಕ್ಷೆ ಇಸಳೂರಿನಲ್ಲಿ, ಗಂಗಾಂಬಿಕಾಳ ಗೇಟಿನೆದುರೇ, ಸಂಘ ಮತ್ತು ಸಮಿತಿ ಎರಡರ ಸಮಕ್ಷಮ ನಡೆಯಿತು. ಮಧುಕೇಶ್ವರ ಗೂಡ್ಸ್ ರಿಕ್ಷಾ ತರಿಸಿ ಅದರಲ್ಲಿ ಹುಲ್ಲೂ ಹಾಸಿಸಿದ್ದ. ಅಷ್ಟು ಕರುಣೆ ಅವನಿಗಿತ್ತು. ಬಸವರಾಜ ಜೀವಮಾನದಲ್ಲಿ ಮೊದಲ ಸಲವೆಂಬಂತೆ ಸೀಟಿ ಊದಿ, "ಕೂಡು!" ಎಂದ. ಮೋತಿ ಅವನ ಪ್ಯಾಂಟು ನೋಡಿತು. "ಕೂಡಲೇ!" ಎಂದ ಬಸವರಾಜ. ಮೋತಿ ಗುರ್ರೆಂದು ಒಂದು ಹೆಜ್ಜೆ ಮುಂದಿಟ್ಟಿತು. ಬಸವರಾಜ ನಾಲ್ಕು ಹೆಜ್ಜೆ ಹಿಂದಿಟ್ಟ.

"ಆತಲ್ರಿ, ಹತ್ತಸ್ರಿ ಗಾಡಿ," ಎಂದ ಮಧುಕೇಶ್ವರ.

ಗಂಗಾಂಬಿಕಾಳಿಗೆ ಅಳು ನುಗ್ಗಿ ಬಂತು. ಮೋತಿ ಇಷ್ಟು ದಿನ ಕೂತದ್ದಾದರೂ ಯಾವಾಗ? ತಟ್ಟನೆ ಹೊಳೆಯಿತು. ಹುಟ್ಟಿದ ಮೇಲೆ ನಾಲ್ಕು ಜನರೆದುರು ಭಾಷಣ ಮಾಡದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು ಕೂಗಿದಳು:

"ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಗಣ್ಯಮಾನ್ಯರೇ!"

ಮೋತಿ ಕೂತಿತು. ಬಾಲ ಮಡಚಿ, ಕಿವಿ ಇಳಿಸಿ, ಪಟ್ಟಾಗಿ ಕೂತಿತು. ರಘುಪತಿ ಹೆಗಡೆಯವರು ಕಟ್ಟೆಯ ಮೇಲೆ ಕೂತರು. ಸಮಿತಿಯವರು ಕಲ್ಲು, ಮೆಟ್ಟಿಲು, ಸಿಕ್ಕಲ್ಲಿ ಕೂತರು. ಮಧುಕೇಶ್ವರನೂ ಕೈಕಟ್ಟಿಕೊಂಡು ಗೂಡ್ಸ್ ರಿಕ್ಷಾದ ಹುಲ್ಲಿನ ಮೇಲೆ ಕೂತ. ಯಾಕೆ ಕೂತೆನೆಂದು ಅವನಿಗೂ ತಿಳಿಯಲಿಲ್ಲ. ಗಂಗಾಂಬಿಕಾ ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿ, "ಎಲ್ಲರಿಗೂ ವಂದನೆಗಳು" ಎಂದ ಮೇಲೆಯೇ ಎಲ್ಲರೂ ಎದ್ದದ್ದು. ಮೋತಿ ಎದ್ದು ಶಿರಾ ಎಲ್ಲಿದೆಯೆಂದು ಹುಡುಕಿತು.

"ಅಡ್ಡಿಲ್ಲೆ. ನಾಯಿ ಪಾಸು," ಎಂದರು ಅಧ್ಯಕ್ಷರು.

ಸಮಿತಿ ಹೊಸ ಠರಾವು ಮಾಡಿತು: ಸದರಿ ಮನೆಯ ಮುಂದೆ ಪ್ಯಾಂಟು ಧರಿಸಿ ಹಾದುಹೋಗುವವರು ಮೋತಿಯನ್ನು ಸಭಾಮರ್ಯಾದೆಗೆ ತಕ್ಕಂತೆ ಸಂಬೋಧಿಸತಕ್ಕದ್ದು. ಈಗ ಹಾಲಿನವನು ಬೆಳಗ್ಗೆ ಬಂದೊಡನೆ ಪ್ರಾಸ್ತಾವಿಕ ಮಾತಾಡುತ್ತಾನೆ. ಗ್ಯಾಸಿನವನು ಸಿಲಿಂಡರ್ ಹೆಗಲ ಮೇಲಿದ್ದಾಗ ಚುಟುಕಾಗಿ ಮುಗಿಸುತ್ತಾನೆ. ಗಂಗಾಂಬಿಕಾ ಯಂತ್ರ ತುಳಿಯುತ್ತ ಎಲ್ಲವನ್ನೂ ಕೇಳಿ ಒಳಗೊಳಗೇ ನಗುತ್ತಾಳೆ. ಕಾಲಿಗೆ ಬೆಚ್ಚನೆಯ ಬೆನ್ನು ತಾಗುತ್ತದೆ.

ದಿನಕ್ಕೆರಡು ಸಲ ಆ ದಾರಿಯಲ್ಲೇ ಓಡಾಡಬೇಕಾದ ಮಧುಕೇಶ್ವರ ನೋಡನೋಡುತ್ತಲೇ ಒಳ್ಳೇ ಭಾಷಣಕಾರನಾದ. ಮುಂದಿನ ಚುನಾವಣೆಯಲ್ಲಿ ಸಂಘದವರು ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. ಅವನ ಮನೆಯಲ್ಲಿ ನಾಯಿಯಿರಲಿಲ್ಲ. ಪದಗ್ರಹಣದ ದಿನ ಅವನು ಎದ್ದು ನಿಂತು "ವೇದಿಕೆಯ ಮೇಲೆ ಆಸೀನರಾಗಿರುವ" ಎನ್ನುತ್ತಲೇ ಮೋತಿ ಮೊದಲಾಗಿ ಎಲ್ಲರೂ ಕೂತರು. ಬಸವರಾಜ ಮೂರನೆಯ ಶಾಲು ಹೊದ್ದುಕೊಂಡು, ಸೀಟಿಯನ್ನು ಕಿಸೆಯೊಳಗಿಟ್ಟು, ಶಿರಾ ಬರುವ ಬಾಗಿಲ ಕಡೆ ನೋಡತೊಡಗಿದ.