ಗಣಪತಿಯ ಮುಂದೊಂದು ಗ್ಯಾರೇಜು

ಮೋಟಾರಿನ ಇಂಜಿನ್ ಎಂದರೆ ಏನು ಮಹಾ! ನಾಲ್ಕು ಕೊಳವೆ, ಮುಂದೊಂದು ಫ್ಯಾನು, ಹಿಂದೊಂದಿಷ್ಟು ಹೊಗೆ. ಇದರ ಸಣ್ಣದೊಂದು ಮಾದರಿಯನ್ನು ಮನೆಯಲ್ಲಿ ಕೂತು ಮಾಡಲಾರೆನೆ? ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಇಂಥ ಧೈರ್ಯ ಬರಲು ಕಾರಣವಿತ್ತು. ಓಡುವ ಇಂಜಿನ್ನೊಂದನ್ನು ನಾನು ಆಸ್ಪತ್ರೆ ಮುಟ್ಟುವವರೆಗೂ ಕಣ್ಣು ಮಿಟುಕಿಸದೆ ನೋಡಿದ್ದೆ.

ಅದು ಹಿಂದಿನ ವರ್ಷದ ಮಾತು. ಮಟಮಟ ಮಧ್ಯಾಹ್ನ ನನ್ನ ಹೆಂಡತಿ ಶಾಂತಾಳಿಗೆ ಹೆರಿಗೆ ನೋವು ಶುರುವಾಯಿತು. ಕರೆತಂದ ಟಾಂಗಾದ ಕುದುರೆ ನಮ್ಮ ಓಣಿ ದಾಟಿ, ಯಲ್ಲಪ್ಪ ಮೇಸ್ತ್ರಿಯವರ ಗ್ಯಾರೇಜಿನ ಮುಂದೆ ನಿಂತುಬಿಟ್ಟಿತು. ಎಷ್ಟು ಗದರಿಸಿದರೂ ಕಾಲೆತ್ತಲಿಲ್ಲ. ಮೇಸ್ತ್ರಿ ಶಾಂತಾಳ ಮುಖ ನೋಡಿದವರೇ, ರಿಪೇರಿಗೆ ಬಂದಿದ್ದ ಯಾರದೋ ಮೋಟಾರಿನಲ್ಲಿ ನಮ್ಮನ್ನು ಕೂಡಿಸಿಕೊಂಡು ಹೊರಟರು. ಅದಕ್ಕೆ ಬಾನೆಟ್ಟೇ ಇರಲಿಲ್ಲ! ಹಿಂದೆ ಶಾಂತಾ ನರಳುತ್ತಿದ್ದಳು, ಮುಂದೆ ಇಂಜಿನ್ ನರಳುತ್ತಿತ್ತು. ನಾನು ದಾರಿಯುದ್ದಕ್ಕೂ ಆ ಇಂಜಿನ್ನಿಗೇ ಕೈ ಮುಗಿಯುತ್ತ ಕೂತಿದ್ದೆ.

ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ತಾಯಿ, ಮಗಳು ಇಬ್ಬರೂ ಉಳಿದರು. ನಾನು ಹೊರಗೆ ಓಡಿಬಂದು ನೋಡಿದರೆ ಮೇಸ್ತ್ರಿ ಹೋಗಿಯಾಗಿತ್ತು. ಆಮೇಲೆ ಎಷ್ಟು ಸಲ ಮಾತು ತೆಗೆದರೂ ಅವರು ಕೈಯಾಡಿಸಿ ನಕ್ಕು, ಯಾವುದಾದರೊಂದು ಮೋಟಾರಿನ ಕೆಳಗೆ ನುಸುಳಿಬಿಡುತ್ತಿದ್ದರು.

ಆದ್ದರಿಂದ ಮರುವರ್ಷದ ಚೌತಿಗೆ ಒಂದು ನಿರ್ಧಾರ ಮಾಡಿದೆ. ನಮ್ಮ ಮನೆಯ ಗಣಪತಿಯ ಮುಂದೆ ಮೇಸ್ತ್ರಿಯವರ ಗ್ಯಾರೇಜಿನ ಮಾದರಿ; ಅದರೊಳಗೆ ಬಾನೆಟ್ ಇಲ್ಲದ ಮೋಟಾರು; ಅದರಲ್ಲಿ ಖರೇ ತಿರುಗುವ ಇಂಜಿನ್. ಓಣಿಯವರೆಲ್ಲರ ಎದುರಿಗೆ ಮೇಸ್ತ್ರಿಯವರನ್ನು ನಿಲ್ಲಿಸಿ ಒಂದು ಉಪಕಾರ ಸ್ಮರಣೆಯ ಭಾಷಣ!

"ಭಾಷಣಾ ಅಷ್ಟ ಮಾಡ್ರಿ. ಇಂಜಿನ್ ಯಾಕ?" ಎಂದಳು ಶಾಂತಾ.

"ಕೃತಜ್ಞತಾ ಅನ್ನೂದು ಕಣ್ಣಿಗೆ ಕಾಣಬೇಕು."

"ಮನ್ಯಾಗ ಕತ್ತರಿ ಕಾಣವಲ್ದು. ಮೊದಲ ಅದನ್ನ ಕೊಡ್ರಿ."

ಕತ್ತರಿ ಆಗ ಡಬ್ಬಿಯ ತಗಡು ಕತ್ತರಿಸಿ ಫ್ಯಾನು ಮಾಡುವುದರಲ್ಲಿ ಹಲ್ಲು ಮುರಿದುಕೊಂಡಿತ್ತು. ಅಂಗಡಿಯ ದರ್ಜಿಯಿಂದ ತಂದ ದಾರದ ಖಾಲಿ ರೀಲುಗಳು ಸಿಲಿಂಡರುಗಳಾದವು. ನನ್ನ ಛತ್ರಿಯ ಕಡ್ಡಿಗಳು ಪೈಪುಗಳಾದವು. ಕಪ್ಪು ಬಣ್ಣ ಬಳಿದು ನಿಲ್ಲಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೆ ಒಂದು ಸಣ್ಣ ತಾಂತ್ರಿಕ ದೋಷ ಉಳಿದಿತ್ತು. ಆಗ ನಮ್ಮ ಅಂಗಡಿಗೆ ಗಜ ಹೋಗಿ ಮೀಟರ್ ಬಂದ ಹೊಸತು. ಗ್ಯಾರೇಜು, ಮೋಟಾರುಗಳನ್ನು ನಾನು ಹೊಸ ಟೇಪಿನ ಸೆಂಟಿಮೀಟರಿನಲ್ಲಿ ಅಳೆದಿದ್ದೆ. ಇಂಜಿನ್ನನ್ನು ಹಳೆಯ ಟೇಪಿನ ಇಂಚಿನಲ್ಲಿ! ಮೋಟಾರಿನೊಳಗೆ ಇಂಜಿನ್ ಕೂಡುವುದು ಹೋಗಿ, ಇಂಜಿನ್ನಿನೊಳಗೇ ಮೋಟಾರು ಕೂಡುವಂತಾಯಿತು.

"ಇರಲಿ ಬಿಡು, ಇಂಜಿನ್ ರಿಪೇರಿಗೆ ಕೆಳಗ ಇಳಿಸ್ಯಾರ ಅಂತ ಹೇಳಿದ್ರಾತು" ಎಂದು ಮೋಟಾರನ್ನೇ ಕಿತ್ತುಹಾಕಿದೆ.

ಇಂಜಿನ್ ತಿರುಗಿಸಲು ಮನೆಯ ಅಲಾರಾಂ ಗಡಿಯಾರದ ಸ್ಪ್ರಿಂಗು ಜೋಡಿಸಿದೆ. ಚೌತಿಯ ಸಂಜೆ ಕೀಲಿ ಕೊಟ್ಟು ನೋಡಿದೆ. ಫ್ಯಾನು ಗರಗರ ತಿರುಗಿತು! ತಿರುಗಿ ತಿರುಗಿ, ಕಿತ್ತುಕೊಂಡು ಹಾರಿ, ಶಾಂತಾಳ ಕಡುಬಿನ ಹೂರಣದಲ್ಲಿ ಹೋಗಿ ನಾಟಿತು. ಬೆನ್ನಿಗೇ 'ಟಣ್' ಎಂದು ಸ್ಪ್ರಿಂಗು ಹರಿಯಿತು. ಹೊರಗೆ ಆಗಲೇ ಓಣಿಯವರ ಚಪ್ಪಲಿ ಸದ್ದು.

"ಶಾಂತಾ, ಮರ್ಯಾದಿ ಹೋತು!"

"ಹೋಗೂದಿಲ್ಲ. ಮೇಜಿನ ಬುಡಕ ಹೋಗ್ರಿ" ಎಂದಳು ಶಾಂತಾ. ಹೂರಣದಿಂದ ಫ್ಯಾನು ಕಿತ್ತು, ಒರೆಸಿ, ಮತ್ತೆ ಸಿಗಿಸಿ, ಅದಕ್ಕೊಂದು ದಾರ ಸುತ್ತಿ ಕೆಳಗೆ ಇಳಿಬಿಟ್ಟಳು. "ದಾರಾ ಜಗ್ರಿ. ಬಾಯಿಲೆ ಸಪ್ಪಳಾ ಮಾಡ್ರಿ. ಲಗೂ!"

ಗಣಪತಿ, ಗ್ಯಾರೇಜು ಎರಡನ್ನೂ ಇಟ್ಟಿದ್ದ ಮೇಜಿನ ಸುತ್ತ ಸೀರೆ ಇಳಿಬಿಟ್ಟಿತ್ತು. ಒಳಗೆ ಮುದುಡಿ ಕೂತು ದಾರ ಜಗ್ಗುತ್ತ "ಡರ್‍ರ್‍ರ್" ಎಂದೆ. ಹೊರಗೆ ಆಶ್ಚರ್ಯದ ಉದ್ಗಾರ! ಹುರುಪು ಬಂತು. "ಡರ್‍ರ್‍ರ್... ಡುಗುಡುಗು!" ನನ್ನ ಮಗಳು ಕೇಕೆ ಹಾಕಿ ನಕ್ಕಳು.

"ನಿಮ್ಮ ಯಜಮಾನ್ರು ಎಲ್ರಿ?" ಎಂದರು ಯಾರೋ.

"ಪೇಟಿಗೆ ಹೋಗ್ಯಾರ್‍ರಿ" ಎಂದಳು ಶಾಂತಾ.

ಅಷ್ಟರಲ್ಲಿ ಮೇಸ್ತ್ರಿಯವರ ದನಿ ಕೇಳಿಸಿತು. ಸಂಭ್ರಮದಲ್ಲಿ ದೀರ್ಘವಾಗಿ ಉಸಿರೆಳೆದುಕೊಂಡೆ. ಇಂಜಿನ್ನಿನ ಹೊಗೆಗೆಂದು ಊದಿನಕಡ್ಡಿಯ ಕಟ್ಟನ್ನು ಮೂಗಿನ ಕೆಳಗೇ ಹಚ್ಚಿಟ್ಟುಕೊಂಡಿದ್ದೆ.

"ಆ... ಆಕ್ಷೀ!"

ಇಂಜಿನ್ ಸೀನಿದ್ದನ್ನು ಓಣಿಯವರು ಕೇಳಿದ್ದು ಅದೇ ಮೊದಲು.

ಮೇಸ್ತ್ರಿ ಬಂದು ಬಗ್ಗಿದರು. ಸೀರೆಯ ತುದಿ ಒಂದಿಷ್ಟು ಸರಿಯಿತು. ನನ್ನ ಕಣ್ಣು ಅವರ ಕಣ್ಣಿಗೆ ಸಿಕ್ಕಿತು. ಸೀರೆ ಮೆಲ್ಲಗೆ ಮುಚ್ಚಿಕೊಂಡಿತು.

"ಏನೂ ಆಗಿಲ್ರಿ" ಎಂದರು ಮೇಸ್ತ್ರಿ ಗಂಭೀರವಾಗಿ. "ಕಾರ್ಬರೇಟರಿನ್ಯಾಗ ಕಸಾ ಸಿಕ್ಕೈತಿ. ಇಂಜಿನ್ ಭಾಳ ಕಾಯ್ದೈತಿ. ತಂಗಿ, ಒಂದು ವಾಟೆ ನೀರು ಕೊಡವ್ವಾ."

ಅವರ ಮಸಿ ಹತ್ತಿದ ಕೈ ವಾಟೆಯ ಸಮೇತ ಸೀರೆಯೊಳಗೆ ಬಂತು. ಗಟಗಟ ಕುಡಿದೆ. ಜೀವ ಬಂತು.

"ಈಗ ಚಾಲೂ ಆಗತೈತಿ ನೋಡ್ರಿ!"

ಆದೆ! ಮಂಗಳಾರತಿ ಮುಗಿದು, ಕಡುಬು ಹಂಚಿ, ಕೊನೆಯವರು ಹೊರಡುವವರೆಗೂ ಚಾಲೂ ಇದ್ದೆ. "ನನ್ನ ಗ್ಯಾರೇಜಿನ್ಯಾಗ ಇಷ್ಟು ಛಲೋ ಓಡೂ ಇಂಜಿನ್ ಒಂದೂ ಇಲ್ರಿ" ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳುತ್ತಿದ್ದರು.

ಮನೆ ಖಾಲಿಯಾದ ಮೇಲೆ ಅವರೇ ಸೀರೆ ಸರಿಸಿ, ಜೋಮು ಹಿಡಿದಿದ್ದ ನನ್ನ ಕಾಲು ಹಿಡಿದು ಹೊರಗೆಳೆದರು. "ಮೋಟಾರಿನ ಬುಡಕ ಮಲಗೂ ಕೆಲಸಾ ನಂದ್ರಿ ಅಣ್ಣಾರ" ಎಂದು ಅಂಗಿಯ ಧೂಳು ಕೊಡವಿದರು. ಅವರ ಹೆಗಲ ಮೇಲೆ ನನ್ನ ಮಗಳು, ಅವರ ಕಿವಿ ಹಿಡಿದುಕೊಂಡು ಕೂತಿದ್ದಳು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಇದೇ ಸಮಯವೆಂದು ಎರಡೂ ಕೈ ಜೋಡಿಸಿ, ಬಾಯಿಪಾಠ ಮಾಡಿದ್ದ ಭಾಷಣಕ್ಕೆ ಬಾಯಿ ತೆರೆದೆ.

ಗಂಟಲು ಪೂರ್ತಿ ಕಟ್ಟಿತ್ತು. ಬಂದದ್ದು "ಡರ್‍ರ್" ಒಂದೇ!

"ಆತ್ರಿ, ತಿಳೀತ್ರಿ" ಎಂದು ಮೇಸ್ತ್ರಿ ನನ್ನ ಬೆನ್ನು ತಟ್ಟಿದರು. ಅವರಿಗೆ ಇಂಜಿನ್ನುಗಳ ಭಾಷೆ ಬರುತ್ತಿತ್ತು.