ಡ್ರಾಯಿಂಗ್ ಪ್ರಕಾರವೇ ಇದ್ದ ಬುಷ್‌ಗಳ ಅಪರಾಧ

ಇಂದ:
ನಾರೆಲ್ ಹಚಿನ್ಸ್,
ಗ್ರಾಹಕರ ದೂರು ಕೇಳುವ (ಅರ್ಥಾತ್ ಬೈಸಿಕೊಳ್ಳುವ) ಗುಮಾಸ್ತೆ,
ಲೇತ್ ಕಾರ್ಖಾನೆಯ ಮಹಡಿ, ಮಕಾಯ್, ಕ್ವೀನ್ಸ್‌ಲ್ಯಾಂಡ್.

ಗೆ:
ಮಾಲೀಕರಾದ ಡೂಗಲ್ ಪ್ರಿಚರ್ಡ್ ಅವರಿಗೆ,
ಪಕ್ಕದ ಕೋಣೆ.

ವಿಷಯ: ತಪ್ಪು ಮಾಡದ, ಲೇತ್ ಓಡಿಸುವ ಟರ್ನರ್ ವಿಲಿಯಾಮಿ ಫೊನುವಾನಿಗೆ ಕೊನೆಯ ಎಚ್ಚರಿಕೆ ಪತ್ರ ಕೊಡುವ ಬಗ್ಗೆ.

ಉಲ್ಲೇಖ: ತಾವು ಬಾಗಿಲಲ್ಲೇ ನಿಂತು, ಒಳಗೂ ಬಾರದೆ ಕೊಟ್ಟ ಮೌಖಿಕ ಆದೇಶ.

ಮಾನ್ಯರೇ,

೧. ಸಕ್ಕರೆ ಕಾರ್ಖಾನೆಯವರ ಡ್ರಾಯಿಂಗ್‌ನಲ್ಲಿ, ಶಾಫ್ಟಿನ ದಂಡ ತೂರಬೇಕಾದ ಕಂಚಿನ ಬುಷ್‌ನ ಒಳವ್ಯಾಸ ಅರವತ್ತು ಮಿಲಿಮೀಟರ್ ಎಂದಿದೆ. ವಿಲಿಯಾಮಿ ಅರವತ್ತೇ ಕೊರೆದಿದ್ದಾನೆ. ಅವರ ಶಾಫ್ಟ್ ಮಾತ್ರ ಅರವತ್ತೆರಡು. ಶಾಫ್ಟ್ ಬದಲಾಯಿಸಿದ ಮಹನೀಯರು ಡ್ರಾಯಿಂಗ್ ಬದಲಾಯಿಸಲು ಮರೆತರು. ಆದಕಾರಣ ತಪ್ಪು ನಮ್ಮದಾಯಿತು.

೨. ಬುಷ್ ಕೂರುತ್ತಿಲ್ಲವೆಂದು ಅವರು ಫೋನ್ ಮಾಡಿದಾಗ ಅರ್ಜಿದಾರಳು ಅಳತೆಗಳನ್ನು ಓದಿ ಹೇಳಿದಳು. ಅವರ ಫೋರ್‌ಮನ್ ರೆಂಜೋ ಬಟಾಲ್ಯಾ ತಾಳ್ಮೆಯಿಂದ ಕೇಳಿಸಿಕೊಂಡು, "ಡ್ರಾಯಿಂಗ್‌ನಲ್ಲಿರೋ ಹಾಗೆ ಮಾಡಿದ್ದೀರಿ, ಒಪ್ಪಿದೆ ಕಣಮ್ಮ. ನಮಗೆ ಬೇಕಾದ ಹಾಗೆ ಯಾಕೆ ಮಾಡ್ಲಿಲ್ಲ?" ಎಂದರು. ಅರ್ಜಿದಾರಳು ಆ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡು ತಮಗೆ ತಂದೊಪ್ಪಿಸಿದಳು.

೩. ಆಗ ತಾವು, ಒಂದು ಪೆಟ್ಟಿಗೆ ಬಿಯರ್ ಕಳಿಸಿಬಿಡು, ತಣ್ಣಗಾಗ್ತಾರೆ ಎಂದಿರಿ. ಈ ಊರಿನ ಯಾವ ವರ್ಕ್‌ಶಾಪಿನಲ್ಲೇ ಆಗಲಿ, ಕೆಲಸ ಕೆಡಿಸಿದವನೇ ಉಳಿದವರಿಗೆ ಬಿಯರ್ ಪೆಟ್ಟಿಗೆ ಕೊಡಿಸಬೇಕು. ಕೊಡಿಸಿದನೋ, ತಪ್ಪು ಒಪ್ಪಿಕೊಂಡ ಹಾಗೆ. ಇಲ್ಲೇ ಹುಟ್ಟಿ ಬೆಳೆದ ತಮಗೆ ಅದೊಂದು ದಿನ ಇದು ಮರೆತುಹೋದದ್ದು ನಮ್ಮೆಲ್ಲರ ಪುಣ್ಯ. ಅರ್ಜಿದಾರಳು ಬೇಡವೆಂದಳು. ತಾವೇ ಕಾರಿನಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬಂದಿರಿ.

೪. ಅವರು ಬಿಯರ್ ಕುಡಿದು ಮುಗಿಸಿ ಲಿಖಿತ ದೂರು ಕೊಟ್ಟರು. ಅರ್ಜಿದಾರಳು ಮತ್ತೆ ಅಳತೆಯ ಮಾತೆತ್ತಿದ್ದಕ್ಕೆ ರೆಂಜೋ ನಕ್ಕುಬಿಟ್ಟರು. "ತಪ್ಪಿಲ್ದೆ ಯಾರಾದ್ರೂ ಬಿಯರ್ ಕಳಿಸ್ತಾರಾ?"

೫. ಅವರ ಸಮಾಧಾನಕ್ಕಾಗಿ ಈಗ ವಿಲಿಯಾಮಿಗೆ ಪತ್ರ. ಹಿಂದಿನ ಎರಡು ಪತ್ರಗಳೂ ಇಂಥ ಸಮಾಧಾನಗಳೇ. ಮೂರನೆಯದು ಕೈಗೆ ಬಂದರೆ ಅವನು ಮನೆಗೆ. ಸುದ್ದಿ ಹೇಗೋ ಅವನ ಕಿವಿಗೆ ಬಿದ್ದಿದೆ. ನಿನ್ನೆ ಮೆಟ್ಟಿಲ ಬಳಿ ನಿಂತು, "ಎಲ್ಲಿ ತಪ್ಪಿದೆ ಅಂತ ಹೇಳಕ್ಕ, ತಿದ್ಕೋತೀನಿ" ಎಂದ. ಅರ್ಜಿದಾರಳಿಗೆ ನಾಚಿಕೆಯಾಯಿತು. ಅದು ತಮಗೂ ಆಗಬೇಕೆಂಬುದು ಅವಳ ಆಸೆ.

ಆದ್ದರಿಂದ, ಮೇಲ್ಕಾಣಿಸಿದ ಕಾರಣಗಳಿಂದ, ಸದರಿ ಪತ್ರವನ್ನು ಅರ್ಜಿದಾರಳು ಕೊಡುವುದಿಲ್ಲ.

ಈ ಹೊತ್ತಿನವರೆಗೂ ತಮ್ಮ ಸಂಬಳದಲ್ಲಿರುವ ವಿಶ್ವಾಸಿ,
ನಾರೆಲ್ ಹಚಿನ್ಸ್

ಲಗತ್ತುಗಳು:
ಡ್ರಾಯಿಂಗ್.
ಅದರಂತೆಯೇ ಇರುವ ಬುಷ್ ಒಂದು.
ಎಚ್ಚರಿಕೆ ಪತ್ರ, ಮಡಿಕೆ ಬಿಚ್ಚದ್ದು.

ಕೊನೆಯ ವಿನಂತಿ: ನಾಳೆ ಬೆಳಗಿನ ಟೀ ಹೊತ್ತಿಗೆ ತಾವೇ ಕೆಳಗಿಳಿದು, ಎಲ್ಲರೆದುರು ಪತ್ರವನ್ನು ಅವನ ಕೈಗೆ ಕೊಡಬೇಕು. ತಪ್ಪೇನೆಂದು ಅವನು ಕೇಳುತ್ತಾನೆ. ತಮ್ಮ ಉತ್ತರವನ್ನು ಬರೆದುಕೊಳ್ಳಲು ಅರ್ಜಿದಾರಳು ಪಕ್ಕದಲ್ಲೇ ನಿಂತಿರುತ್ತಾಳೆ.